ಪದ ಬೇಕು, ಗುರುವಾರದೊಳಗೆ: ಕ್ಲಿನಿಕಲ್ ಟ್ರಯಲ್, ಗ್ರಾಂಟ್, ರೀಇಂಬರ್ಸ್‌ಮೆಂಟ್

ಬೆಂಗಳೂರಿನಿಂದ, ಸೋಮವಾರ

ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ಕ್ಯಾನ್ಸರ್ ಆಸ್ಪತ್ರೆಗೆ ಕರಪತ್ರ ಒಂದನ್ನು, ಹೊರರೋಗಿ ವಿಭಾಗದ ಗೋಡೆಗೆ ಫಲಕ ಒಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಗುರುವಾರ ಬೆಳಿಗ್ಗೆ ಎರಡೂ ಪ್ರೆಸ್ಸಿಗೆ ಹೋಗಬೇಕು.

ವಿಷಯ ಇಷ್ಟೇ. ಕ್ಲಿನಿಕಲ್ ಟ್ರಯಲ್‌ಗೆ, ಅಂದರೆ ಯಾವ ಚಿಕಿತ್ಸೆ ಒಳ್ಳೆಯದು ಎಂದು ರೋಗಿಗಳಿಗೆ ಕೊಟ್ಟು ನೋಡುವ ಅಧ್ಯಯನಕ್ಕೆ, ಸೇರಬಹುದಾದ ಎಷ್ಟೋ ರೋಗಿಗಳು ಊರು ದೂರ ಅಂತ ಸೇರುವುದಿಲ್ಲ. ಮೂರು ವಾರಕ್ಕೊಮ್ಮೆ ಬರಬೇಕು, ಜೊತೆಗೆ ಮನೆಯವರೊಬ್ಬರು ಬರಬೇಕು, ಇಬ್ಬರ ಕೂಲಿಯೂ ಹೋಗುತ್ತದೆ. ಆ ಖರ್ಚು ನೋಡಿಕೊಳ್ಳಲೆಂದೇ ಆಸ್ಪತ್ರೆಗೆ ಒಂದು ಗ್ರಾಂಟ್ ಬಂದಿದೆ. ನನ್ನ ಕೈಗೆ ಬಂದ ಹಳೆಯ ಕರಡು ಹೀಗಿದೆ: "ವೈದ್ಯಕೀಯ ಪ್ರಯೋಗಗಳಿಗೆ ಪ್ರವೇಶವನ್ನು ಸುಧಾರಿಸಲು ಅನುದಾನ. ಭಾಗವಹಿಸುವವರಿಗೆ ಪ್ರೋತ್ಸಾಹಧನ ಹಾಗೂ ಪ್ರಯಾಣವೆಚ್ಚದ ಮರುಪಾವತಿ."

ಇದನ್ನು ಅಲ್ಲೇ ಬೆಂಚಿನ ಮೇಲೆ ಕೂತಿದ್ದ ರಾಯಚೂರು ಕಡೆಯ ಹೆಂಗಸೊಬ್ಬರಿಗೆ ಓದಿ ಹೇಳಿದೆ. ಗಂಡನಿಗೆ ಬಾಯಿ ಕ್ಯಾನ್ಸರ್. ಫೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದರು. "ಪ್ರಯೋಗ ಅಂದ್ರ ಬ್ಯಾಡ್ರಿ" ಅಂದರು ಮೊದಲು. ಸ್ವಲ್ಪ ಹೊತ್ತು ಬಿಟ್ಟು, "ಮರುಪಾವತಿ ಅಂದ್ರಲ್ರಿ, ತಿಂಗಳಾ ಎಷ್ಟು ಕಟ್ಟಬೇಕ್ರಿ? ಬಡ್ಡಿ ಹಾಕ್ತಾರೇನ್ರಿ?" ಅವರಿಗೆ ಆ ಪದ ಗೊತ್ತಿರುವುದು ಸ್ತ್ರೀಶಕ್ತಿ ಸಂಘದ ಸಾಲದಿಂದ. ಎರಡು ಸಾಲಿನಲ್ಲಿ ಎರಡು ಹೆದರಿಕೆ ಹುಟ್ಟಿಸಿದೆವು.

ನನಗೆ ಬೇಕಿರುವುದು ಅವರ ಕಿವಿಗೆ ಸರಿಯಾಗಿ ಬೀಳುವ ಪದಗಳು. ದಯವಿಟ್ಟು ಸಹಾಯ ಮಾಡಿ.

ಬೆಂಗಳೂರಿನ ಮತ್ತೊಬ್ಬರಿಂದ

ಗ್ರಾಂಟ್: ಅನುದಾನ. ಟ್ರಯಲ್: ಚಿಕಿತ್ಸಾಪ್ರಯೋಗ. ರೀಇಂಬರ್ಸ್‌ಮೆಂಟ್: ವೆಚ್ಚ ಮರುಭರಿಕೆ. ಮೂರೂ ರೂಢಿಯಲ್ಲಿವೆ. ಒಬ್ಬರಿಗೆ ತಿಳಿಯಲಿಲ್ಲ ಅಂತ ಪದ ಬದಲಿಸುತ್ತಾ ಹೋದರೆ ಪರಿಭಾಷೆ ಎಂಬುದೇ ಉಳಿಯುವುದಿಲ್ಲ.

ಹಾಸನದಿಂದ

ಅನುದಾನ ಸಂಸ್ಕೃತದ್ದು, ನಮ್ಮದಲ್ಲದ ಪದ. ಗ್ರಾಂಟ್‌ಗೆ ಕನ್ನಡದಲ್ಲಿ ಪದವಿಲ್ಲ ಅನ್ನುವವರು ನಮ್ಮ ಜಿಲ್ಲೆಯ ಹಲ್ಮಿಡಿಗೆ ಬರಲಿ. ಸುಮಾರು ಕ್ರಿ.ಶ. 450ರ ಶಾಸನ. ವಿಜ ಅರಸನಿಗೆ ಹಲ್ಮಿಡಿಯನ್ನೂ ಮೂಳಿವಳ್ಳಿಯನ್ನೂ 'ಬಾಳ್ಗಳ್ಚು' ಆಗಿ ಕೊಟ್ಟರು ಅಂತ ಅದರಲ್ಲಿದೆ. ಬಾಳ್ ಅಂದರೆ ಕತ್ತಿ, ಕಳ್ಚು ಅಂದರೆ ತೊಳೆ. ಕಾದಿ ಗೆದ್ದವನ ಕತ್ತಿ ತೊಳೆದು ಕೊಟ್ಟ ಭೂಮಿ. ಕ್ಯಾನ್ಸರ್ ಜೊತೆ ಕಾದುವವರಿಗೆ ಕೊಡುವ ನೆರವಿಗೆ ಇದಕ್ಕಿಂತ ಒಪ್ಪುವ ಪದ ಯಾವುದಿದೆ? ಇದು ಕಷ್ಟ ಅನಿಸಿದರೆ 'ಕೊಡುಗೆ' ಅನ್ನಿ, ಅದೂ ಶಾಸನಗಳಲ್ಲಿ ತುಂಬಾ ಇದೆ.

ಟ್ರಯಲ್‌ಗೆ 'ಮದ್ದೊರೆ'. ಮದ್ದು ಸೇರಿ ಒರೆ. ಒರೆಗಲ್ಲಿನ ಒರೆ, ಚಿನ್ನವನ್ನು ತಿಕ್ಕಿ ನೋಡುವುದು. ಕತ್ತಿಯ ಒರೆ ಅಂತ ಯಾರೂ ತಕರಾರು ತೆಗೆಯಬೇಡಿ. ಅದು ಹಳಗನ್ನಡದಲ್ಲಿ ಶಕಟರೇಫದ (ಈಗ ಬಳಕೆಯಲ್ಲಿಲ್ಲದ ಱ ಅಕ್ಷರದ) 'ಒಱೆ', ಬೇರೆಯೇ ಪದ. ತಮಿಳಿನಲ್ಲಿ ಉರೈ, ಉಱೈ ಇವತ್ತಿಗೂ ಬೇರೆ ಬೇರೆಯಾಗಿಯೇ ಉಳಿದಿವೆ. ಈ ಪದದಲ್ಲಿ ಇನ್ನೊಂದು ಗುಣವಿದೆ: ಒರೆಗೆ ಹಚ್ಚುವುದು ಮದ್ದನ್ನು, ರೋಗಿಯನ್ನಲ್ಲ. 'ಪ್ರಯೋಗ'ದಲ್ಲಿ ಆ ವ್ಯತ್ಯಾಸ ಅಳಿಸಿಹೋಗುತ್ತದೆ.

ಧಾರವಾಡದಿಂದ

ಹಲ್ಮಿಡಿ ಶಾಸನ ತಂದಿರಲ್ರೀ, ಅದು ಸುರುವಾಗೋದೇ ಸಂಸ್ಕೃತದ ವಿಷ್ಣುಸ್ತುತಿಯಿಂದ. ಹದಿನಾರು ಸಾಲಿನಾಗ ಅಚ್ಚಗನ್ನಡದ ಪದ ಎಷ್ಟು ಅಂತ ಎಣಿಸಿ ನೋಡ್ರಿ, ಆಮ್ಯಾಲೆ 'ನಮ್ಮದಲ್ಲದ ಪದ' ಅಂತ ಮಾತಾಡೋಣ. ಬಾಳ್ಗಳ್ಚು ಓದಿದ ರೋಗಿ ಬಾಳು ಕಳಚಿತು ಅಂತ ತಿಳಕೊಂಡರೆ ಯಾರು ಹೊಣೆ?

'ಮದ್ದೊರೆ'ಯೊಳಗ ಕಿವಿಗೆ ಬೀಳೋದು 'ದೊರೆ'. ಮುಂದ 'ಮದ್ದೊರೆ ಅಧ್ಯಯನ', 'ಮದ್ದೊರೆ ಸಮಿತಿ' ಅಂತ ಬೆಳಸ್ತೀರಿ, ಅವೆಲ್ಲಾ ಅರಿಸಮಾಸ, ಕನ್ನಡ ಪದಕ್ಕ ಸಂಸ್ಕೃತ ಪದ ಕೂಡಿಸಿದ್ದು. ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜ ಒಪ್ಪೂದಿಲ್ಲ.

ಹಾಸನದಿಂದ

ಬಿರುದಾವಳಿಯಲ್ಲಿ ಅರಿಸಮಾಸ ಸಲ್ಲುತ್ತದೆ ಅಂತ ಕೇಶಿರಾಜನೇ ಬಿಟ್ಟುಕೊಟ್ಟಿದ್ದಾನೆ. ಸೂತ್ರದ ಅರ್ಧ ಓದಿ ಬರೆಯಬೇಡಿ.

ಮಂಗಳೂರಿನಿಂದ

ಅಕ್ಕಾ, ಎಂಟು ವರ್ಷ ಟ್ರಯಲ್ ವಿಭಾಗದಲ್ಲಿ ನರ್ಸ್ ಆಗಿ ಕೆಲಸ ಮಾಡಿದ್ದೇನೆ. ಒಪ್ಪಿಗೆಯ ನಮೂನೆಯನ್ನು ರೋಗಿಯ ಎದುರು ಕೂತು ಓದಿ ಹೇಳುವುದೇ ನನ್ನ ಕೆಲಸವಾಗಿತ್ತು. ಹಾಗಾಗಿ ಒಂದೊಂದೇ ಪದ ಹೇಳುತ್ತೇನೆ.

'ಪ್ರಯೋಗ' ಖಂಡಿತ ಬೇಡ. ನಮ್ಮ ಕರಾವಳಿಯಲ್ಲಿ ಯಾರೋ ಪ್ರಯೋಗ ಮಾಡಿಸಿದ್ದಾರೆ ಅಂದರೆ ಮಾಟ ಅಂತಲೇ ಅರ್ಥ. 'ಮದ್ದು' ಕೂಡ ಜೋಪಾನ. ಹಳೇ ಮೈಸೂರು ಕಡೆಯಿಂದ ಬಂದವರು ಕೈಮದ್ದು ಹಾಕಿದ್ದಾರೆ ಅನ್ನುವುದನ್ನು ನಾನೇ ಕೇಳಿದ್ದೇನೆ. 'ಪರೀಕ್ಷೆ' ಅಂದರೆ ರಕ್ತ ಕೊಟ್ಟು ಮನೆಗೆ ಹೋಗಬಹುದು ಅಂದುಕೊಳ್ಳುತ್ತಾರೆ.

ಹಾಸನದ ಸರ್, ನಿಮ್ಮ ವಾದದಲ್ಲಿ ನನಗೆ ಎರಡು ಕಡೆ ಒಪ್ಪಿಗೆಯಿಲ್ಲ. ಟ್ರಯಲ್ ಅಂದರೆ ಯಾವಾಗಲೂ ಹೊಸ ಮದ್ದಲ್ಲ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಬಾಯಿ ಕ್ಯಾನ್ಸರ್ ಟ್ರಯಲ್ ಒಂದು 2015ರಲ್ಲಿ ಪ್ರಕಟವಾಯಿತು. ಅದರಲ್ಲಿ ಮದ್ದೇ ಇರಲಿಲ್ಲ. ಕುತ್ತಿಗೆಯ ಗಂಟುಗಳನ್ನು ಮೊದಲ ಆಪರೇಷನ್ನಿನಲ್ಲೇ ತೆಗೆಯಬೇಕೋ, ರೋಗ ಅಲ್ಲಿಗೆ ಬಂದಮೇಲೆ ತೆಗೆದರೆ ಸಾಕೋ ಅನ್ನುವುದಷ್ಟೇ ಪ್ರಶ್ನೆ. ಮೊದಲೇ ತೆಗೆಸಿಕೊಂಡವರಲ್ಲಿ ಮೂರು ವರ್ಷದ ನಂತರ ಬದುಕಿದ್ದವರು ಶೇ. 80, ಕಾದು ನೋಡಿದವರಲ್ಲಿ ಶೇ. 67.5. ಅಲ್ಲೇ ನಡೆದ ಇನ್ನೊಂದು ಟ್ರಯಲ್‌ನಲ್ಲಿ ಇದ್ದದ್ದು ಹಳೆಯ ಮದ್ದು, ನಿವೊಲುಮ್ಯಾಬ್. ತುಂಬಾ ದುಬಾರಿ. ವಾಡಿಕೆಯ ಪ್ರಮಾಣದ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ, ಮೂರು ವಾರಕ್ಕೆ 20 ಮಿಲಿಗ್ರಾಂ ಮಾತ್ರ, ಬೇರೆ ಮಾತ್ರೆಗಳ ಜೊತೆ ಕೊಟ್ಟು ನೋಡಿದರು. ಸೇರಿದವರು ಬರೀ 151 ಜನ. ವರ್ಷದ ಕೊನೆಗೆ ಬದುಕಿದ್ದವರು, ಬರೀ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 16.3, ಈ ಮದ್ದನ್ನೂ ಪಡೆದವರಲ್ಲಿ ಶೇ. 43.4. ಅದರಲ್ಲಿ ಒರೆಗೆ ಹಚ್ಚಿದ್ದು ಅಳತೆಯನ್ನು.

ಇನ್ನೊಂದು, ಪರೀಕ್ಷೆ ಆಗುವುದು ಮದ್ದಿನದೇ ಆದರೂ ಅದು ರೋಗಿಯ ಮೈಯಲ್ಲೇ ಆಗುತ್ತದೆ. ಅದನ್ನು ಮುಚ್ಚುವ ಪದ ಒಪ್ಪಿಗೆಯ ನಮೂನೆಯಲ್ಲಿ ಇರಬಾರದು.

'ಪ್ರೋತ್ಸಾಹಧನ' ಇದ್ದರೆ ಟ್ರಯಲ್‌ಗೆ ಒಪ್ಪಿಗೆ ಕೊಡುವ ನೈತಿಕ ಸಮಿತಿ ಕಾಗದವನ್ನು ಹಾಗೇ ವಾಪಸು ಕಳಿಸುತ್ತದೆ. ವೈದ್ಯಕೀಯ ಸಂಶೋಧನೆಯ ಕೇಂದ್ರ ಸಂಸ್ಥೆ ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ಓಡಾಟದ ಖರ್ಚು, ಹೋದ ಕೂಲಿ ಕೊಡಬಹುದು, ಆಸೆ ಹುಟ್ಟಿಸುವಷ್ಟು ಕೊಡುವಂತಿಲ್ಲ. ಪ್ರೋತ್ಸಾಹ ಅನ್ನುವ ಪದದಲ್ಲೇ ಆಸೆ ಇದೆ. ಅದರ ಬದಲು 'ಪರಿಹಾರ' ಅಂತಲೂ ಹಾಕಬೇಡಿ. ಕೇಂದ್ರ ಸರ್ಕಾರದ 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲಿ ಟ್ರಯಲ್‌ನಿಂದಲೇ ಹಾನಿಯಾದರೆ ಕೊಡಬೇಕಾದ ಹಣ ಬೇರೆ ಇದೆ, ಪರಿಹಾರ ಎಂಬ ಪದ ಅದಕ್ಕೇ ಮೀಸಲಿರಲಿ. ಬಸ್ಸಿನ ದುಡ್ಡಿಗೂ ಅದೇ ಪದ ಬಂದರೆ, ನಮಗೇನೋ ಆಗುತ್ತದೆ ಅಂತ ಮೊದಲೇ ಗೊತ್ತಿದ್ದು ದುಡ್ಡು ಕೊಡುತ್ತಿದ್ದಾರೆ ಅಂದುಕೊಳ್ಳುತ್ತಾರೆ.

ಹಾಸನದಿಂದ

ಹಾಗಾದರೆ ಕನ್ನಡದ ಯಾವ ಪದವನ್ನೂ ಮುಟ್ಟುವಂತಿಲ್ಲ. ಪ್ರಯೋಗ ಅಂದರೆ ಮಾಟ, ಮದ್ದು ಅಂದರೆ ಮಾಟ, ಇಂಗ್ಲಿಷ್ ಮಾತ್ರ ಶುದ್ಧ. ಎಲ್ಲ ಚರ್ಚೆಯೂ ಕೊನೆಗೆ ಬಂದು ನಿಲ್ಲುವುದು 'ಟ್ರಯಲ್ ಅಂತಲೇ ಬಿಡಿ' ಅನ್ನುವಲ್ಲಿಗೇ. ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ, ನನಗೆ ನೋವಾಗುತ್ತದೆ.

ಧಾರವಾಡದಿಂದ

ನೋವು ನಮಗೂ ಐತ್ರೀ. ಆದರ 'ಆಸ್ಪತ್ರೆ' ಪರದೇಶದಿಂದ ಬಂತು, 'ಖರ್ಚು' ಪಾರಸಿ, 'ರೋಗಿ' ಸಂಸ್ಕೃತ, ಆ ಹೆಣ್ಣುಮಗಳು ಹೆದರಿದ 'ಬಡ್ಡಿ' ವೃದ್ಧಿಯ ತದ್ಭವ. ನಾಲ್ಕೂ ಆಕೀ ಬಾಯಾಗ ಕನ್ನಡನ ಆಗ್ಯಾವ. ಬಾಗಿಲಿನಿಂದ ಒಳಗ ಬಂದವರನ್ನ ಊರು ಯಾವುದು ಅಂತ ಕೇಳಿ ಹೊರಗ ಹಾಕೋದಲ್ಲ. ನಿಮ್ಮ 'ಒರೆಗೆ ಹಚ್ಚು' ಚಲೋ ಮಾತು. ಅದನ್ನ ಕ್ರಿಯಾಪದಾಗಿ ಬಿಡ್ರಿ, ನಾಮಪದ ಮಾಡಿ ಕೊಲ್ಲಬ್ಯಾಡ್ರಿ.

ಬೆಂಗಳೂರಿನ ಮತ್ತೊಬ್ಬರಿಂದ

'ಮರುಭರಿಕೆ'ಗೆ ಯಾರೂ ಉತ್ತರಿಸಿಲ್ಲ.

ಬೆಂಗಳೂರಿನಿಂದ, ಬುಧವಾರ ರಾತ್ರಿ

ಎಲ್ಲರ ಋಣ ನನ್ನ ಮೇಲಿದೆ, ಹಾಸನದ ಮೇಷ್ಟ್ರದ್ದೂ ಸೇರಿ. ಪದ ಯಾರನ್ನು ಪರೀಕ್ಷೆಗೆ ಒಡ್ಡುತ್ತಿದೆ ಅನ್ನುವ ಪ್ರಶ್ನೆ ಎತ್ತಿದ್ದು ಅವರೇ. ಅಲ್ಲಿಯವರೆಗೆ ನಾನು ಅದನ್ನು ಯೋಚಿಸಿರಲಿಲ್ಲ. ಮರುಭರಿಕೆ ನಿಘಂಟಿನಲ್ಲಿ ಇರಲಿ ಸರ್, ಗೋಡೆಯ ಮೇಲೆ ನಿಲ್ಲುವುದಿಲ್ಲ.

'ಅನುದಾನ'ವನ್ನು ಆಸ್ಪತ್ರೆಯ ವಾರ್ಷಿಕ ವರದಿಗೆ ಬಿಟ್ಟಿದ್ದೇನೆ. ಅಲ್ಲಿ ಅದೇ ಸರಿ. ಫಲಕದಲ್ಲಿ ಅದು ಬೇಕಾಗಿಯೇ ಇಲ್ಲ. ದುಡ್ಡು ಯಾರಿಂದ ಬಂತು ಅನ್ನುವುದು ರೋಗಿಯ ಪ್ರಶ್ನೆಯಲ್ಲ, ಹಳ್ಳಿಯಲ್ಲಿ ಅನುದಾನ ಅಂದರೆ ಶಾಸಕರ ಅನುದಾನ. 'ಸಹಾಯಧನ'ವೂ ಹೋಯಿತು, ಅದು ಹನಿ ನೀರಾವರಿಯ ಸಬ್ಸಿಡಿ. 'ಪ್ರವೇಶ' ಕಾಲೇಜಿನದು. 'ಕ್ಲಿನಿಕಲ್ ಟ್ರಯಲ್' ಹಾಗೇ ಉಳಿಸಿದ್ದೇನೆ. ಕೋಣೆಯ ಬಾಗಿಲ ಮೇಲೆ ಅದೇ ಇದೆ, ನರ್ಸ್ ಬಾಯಲ್ಲೂ ಅದೇ. ದಾರಿ ಕೇಳುವವರಿಗೆ ಆ ಪದ ಬೇಕು. ಅದರ ಕೆಳಗೆ ಬಿಡಿಸಿ ಬರೆದಿದ್ದೇನೆ:

"ಕ್ಲಿನಿಕಲ್ ಟ್ರಯಲ್ ಅಂದರೆ, ಯಾವ ಚಿಕಿತ್ಸೆ ಹೆಚ್ಚು ಒಳ್ಳೆಯದು ಎಂದು ರೋಗಿಗಳ ಒಪ್ಪಿಗೆ ಪಡೆದು, ಕೊಟ್ಟು ನೋಡಿ ತಿಳಿಯುವುದು. ಸೇರುವುದು, ಬಿಡುವುದು ನಿಮ್ಮ ಇಷ್ಟ. ಸೇರಿದರೆ ನಿಮ್ಮ ಮತ್ತು ಜೊತೆಗೆ ಬರುವವರ ಬಸ್ಸು, ರೈಲಿನ ಖರ್ಚು, ಉಳಿದುಕೊಳ್ಳುವ ಖರ್ಚು, ಆ ದಿನದ ಕೂಲಿ ನಾವು ಕೊಡುತ್ತೇವೆ. ಇದು ಸಾಲ ಅಲ್ಲ. ನೀವು ತಿರುಗಿ ಕೊಡಬೇಕಾಗಿಲ್ಲ."

ಕೊನೆಯ ಎರಡು ವಾಕ್ಯ ಇಂಗ್ಲಿಷ್ ಮೂಲದಲ್ಲಿ ಇಲ್ಲ. ಆಸ್ಪತ್ರೆಯವರಿಗೆ ಸೋಮವಾರದ ಕತೆ ಹೇಳಿ ಸೇರಿಸಿಕೊಂಡೆ.

ಇವತ್ತು ಮಧ್ಯಾಹ್ನ ಅದೇ ಹೆಂಗಸಿಗೆ ಓದಿ ಹೇಳಿದೆ. ಗಂಡನ ಕೀಮೋ ಮುಗಿಯುವವರೆಗೆ ಹತ್ತಿರದ ಧರ್ಮಶಾಲೆಯಲ್ಲೇ ಇದ್ದಾರೆ. ಪೂರ್ತಿ ಕೇಳಿಸಿಕೊಂಡು, "ನನಗ ಬಸ್ಸು ಫ್ರೀ ಐತ್ರಿ, ಇವರಿಗಷ್ಟೇ ಟಿಕೆಟ್" ಅಂದರು, ಶಕ್ತಿ ಯೋಜನೆಯ ಲೆಕ್ಕ. ಆಮೇಲೆ ಕೇಳಿದರು: "ನಾವು ಮೊದ್ಲು ಕೈಲಿಂದ ಹಾಕ್ಕೊಂಡು ಬಂದು ಆಮ್ಯಾಗ ಇಸಕೋಬೇಕೋ, ಮೊದ್ಲೇ ಕೊಡ್ತೀರೋ? ಹಾಕ್ಕೊಳ್ಳಾಕ ಇದ್ರ ಬರಾಕ ಏನು ತ್ರಾಸ್ರಿ?"

ರೀಇಂಬರ್ಸ್‌ಮೆಂಟ್ ಎಂಬ ಪದವನ್ನು ಮೂರು ದಿನ ಜಾಲಾಡಿದ ನಮ್ಮಲ್ಲಿ ಒಬ್ಬರೂ ಇದನ್ನು ಕೇಳಲಿಲ್ಲ. ಮೂಲದಲ್ಲಿರುವುದು, ಟಿಕೆಟ್ ತೋರಿಸಿದ ಮೇಲೆ ಕೊಡುವುದು ಅಂತ. ಮೊದಲ ಸಲದ ದುಡ್ಡನ್ನಾದರೂ ಮುಂಚೆ ಕೊಡಲು ಗ್ರಾಂಟ್‌ನಲ್ಲಿ ಅವಕಾಶವಿದೆಯೇ ಎಂದು ಆಸ್ಪತ್ರೆಯವರನ್ನು ಕೇಳಿದ್ದೇನೆ. ಬೆಳಿಗ್ಗೆ ಒಂಬತ್ತಕ್ಕೆ ಹೇಳುತ್ತೇವೆ ಎಂದಿದ್ದಾರೆ. ಪ್ರೆಸ್ಸಿನವರಿಗೆ ಹತ್ತರವರೆಗೆ ಕಾಯಲು ಹೇಳಿ, 'ಕೂಲಿ ನಾವು ಕೊಡುತ್ತೇವೆ' ಎಂಬುದರ ಕೆಳಗೆ ಒಂದು ಸಾಲಿನ ಜಾಗ ಬಿಟ್ಟು ಕಳಿಸಿದ್ದೇನೆ.