ಇಡೀ ಚರ್ಮಕ್ಕೆ ಎಲೆಕ್ಟ್ರಾನ್ ಕೊಡುವಾಗ ಡೋಸ್ ಅಳೆಯೋದು ಹೆಂಗ? ಅನುಭವ ಇದ್ದವರು ಹೇಳ್ರಿ

ಕೇಳಿದವರು (ಹುಬ್ಬಳ್ಳಿ): ಮೈಕೋಸಿಸ್ ಫಂಗಾಯ್ಡಿಸ್ (ಚರ್ಮದ ಒಂದು ನಮೂನಿ ಕ್ಯಾನ್ಸರ್) ಇರೋ ಪೇಷಂಟಿಗೆ ಸ್ಟ್ಯಾನ್‌ಫರ್ಡ್ ಪದ್ಧತಿ (ನಿಲ್ಲಿಸಿ ಆರು ಪೋಸಿನ್ಯಾಗ ಕಿರಣ ಕೊಡೋದು), 6 ಎಂಇವಿ (ಎಲೆಕ್ಟ್ರಾನಿನ ಶಕ್ತಿ), ಒಟ್ಟು 12 ಗ್ರೇ (ಡೋಸಿನ ಅಳತಿ) ಅಂತ ಡಾಕ್ಟರು ಬರದಾರ. ಟಿಎಲ್‌ಡಿ ಚಿಪ್ಪು (ಬಿದ್ದ ಡೋಸನ್ನ ಕಾಸಿದಾಗ ಬೆಳಕಾಗಿ ತೋರಿಸೋ ಸಣ್ಣ ತುಂಡು), ಡೋಸ್ ಅಳಿಯೋ ಫಿಲ್ಮು ಎರಡೂ ಅದಾವ. ಎಲ್ಲೆಲ್ಲಿ ಹಚ್ಚಬೇಕು, ಓದಿದ್ದನ್ನ ಹೆಂಗ ನಂಬಬೇಕು?

ಧಾರವಾಡದಿಂದ: ಮೊದಲನೇ ಸೈಕಲ್‌ನ್ಯಾಗ (ಎರಡು ದಿನದಾಗ ಆರೂ ಪೋಸು ಮುಗಿಯೋ ಒಂದು ಸುತ್ತು) ಅಳೀರಿ. ಸೈಕಲ್ಲಿಗೆ 2 ಗ್ರೇ ಹಿಡಿದ್ರ 12 ಗ್ರೇ ಅಂದ್ರ ಆರೇ ಸೈಕಲ್. ಕಡಿಮಿ ಬಿದ್ದ ಜಾಗ ತಡಮಾಡಿ ಗೊತ್ತಾದ್ರ ಸರಿಪಡಿಸಾಕ ದಿನಾನ ಉಳಿಯಂಗಿಲ್ಲ.

ಭಾಳ ಮಂದಿ ಎಡವೋದು ಒಂದೇ ದಿನದ ರೀಡಿಂಗ್ ನೋಡಿ. ಒಂದನೇ ದಿನ ಎದುರಿನ ಪೋಸು ಮತ್ತ ಹಿಂದಿನ ಎರಡು ಓರೆ ಪೋಸು, ಎರಡನೇ ದಿನ ಬೆನ್ನು ಮತ್ತ ಮುಂದಿನ ಎರಡು ಓರೆ. ಹೊಕ್ಕಳಕ್ಕ ಮೊದಲ ದಿನ ನೇರ ಫೀಲ್ಡ್ (ಕಿರಣ) ಸಿಗತದ, ಮರುದಿನ ಓರೆ ಫೀಲ್ಡುಗಳ ಪಾಲು. ಎರಡೂ ದಿನದ ಮೊತ್ತ ಕೂಡಿಸದ ಹೊರತು ಆ ಅಂಕಿಗೆ ಅರ್ಥ ಇಲ್ಲ. ದಿನಕ್ಕ ಬ್ಯಾರೆ ಚಿಪ್ಪು ಹಚ್ಚಿ ಕೂಡಿಸೋದು ಛಲೋ. ಜಾಗಾನ ಚರ್ಮದ ಮ್ಯಾಲೆ ಮಾರ್ಕರ್‌ನಿಂದ ಗುರುತು ಮಾಡ್ರಿ.

ಹೊಕ್ಕಳದ ಮಟ್ಟದಾಗ ಮುಂದ, ಹಿಂದ, ಎರಡೂ ಬಾಜೂ. ಎದಿ, ಹಣಿ, ನೆತ್ತಿ, ಕಂಕುಳ, ಮೊಲೆ ಕೆಳಗಿನ ಮಡಿಕಿ, ಮುಂಗೈ, ಬೆರಳ ತುದಿ, ತೊಡಿ ಒಳಬದಿ, ತೊಡಿ ಸಂದು, ಪಾದದ ಮ್ಯಾಲ್ಭಾಗ, ಅಂಗಾಲು. ಒಂದೊಂದು ಜಾಗಕ್ಕ ಎರಡು ಚಿಪ್ಪು. ಎರಡರ ನಡುವ ಭಾಳ ಅಂತರ ಬಂದ್ರ ಆ ಜಾಗ ಮತ್ತ ಅಳೀರಿ. ನೆತ್ತಿ, ಸಂದು, ಅಂಗಾಲು, ಮಡಿಕಿ ಕಡಿಮಿ ಬರತಾವ, ಅದು ದೇಹದ ನೆರಳಿನ ಪರಿಣಾಮ, ಚಿಪ್ಪಿನ ತಪ್ಪಲ್ಲ. ಬೂಸ್ಟ್ (ಆ ಜಾಗಕ್ಕಷ್ಟೇ ಹೆಚ್ಚಿನ ಡೋಸ್) ಬೇಕಾ ಅಂತ ಡಾಕ್ಟರು ತೀರ್ಮಾನಿಸೋದು ಅಲ್ಲಿಯ ಅಂಕಿ ನೋಡೇ.

ಗದಗದಿಂದ: ಕ್ಯಾಲಿಬ್ರೇಶನ್ (ಗೊತ್ತಿರೋ ಡೋಸ್ ಕೊಟ್ಟು ಚಿಪ್ಪಿನ ರೀಡಿಂಗ್ ತಾಳೆ ಹಾಕೋದು) ಬಗ್ಗೆ. 6 ಎಂಇವಿ ಅಂತ ಮಶೀನಿನ ಮ್ಯಾಲೆ ಇದ್ರೂ, ಮೂರು ನಾಲ್ಕು ಮೀಟರ್ ಗಾಳಿ ಮತ್ತ ಪೇಷಂಟಿನ ಮುಂದಿನ ಅಕ್ರಿಲಿಕ್ ಹಲಗಿ ದಾಟಿ ಬರೋ ಎಲೆಕ್ಟ್ರಾನಿನ ಶಕ್ತಿ ಕಡಿಮಿ ಆಗಿರತದ. ಅದಕ್ಕ ಅದೇ ಸೆಟಪ್‌ನ್ಯಾಗ, ಹಲಗಿ ಇಟ್ಟು, ಚಿಪ್ಪನ್ನ ಕ್ಯಾಲಿಬ್ರೇಟ್ ಮಾಡ್ರಿ. ಲಿಥಿಯಂ ಫ್ಲೋರೈಡ್ ಚಿಪ್ಪು 1 ಗ್ರೇ ದಾಟಿದ ಮ್ಯಾಲೆ ಡೋಸಿಗಿಂತ ಹೆಚ್ಚು ಹೊಳೀತದ, ಆದ್ದರಿಂದ 0.5ರಿಂದ 3 ಗ್ರೇ ತನಕ ಹಲವು ಬಿಂದು ತಗೊಂಡು ವಕ್ರರೇಖೆ ಎಳೀರಿ. ಒಂದೇ ಬಿಂದುವಿನ ಗುಣಕ ಸಾಲದು.

ಅನೀಲಿಂಗ್ (ಚಿಪ್ಪಿನ ಹಳೇ ಡೋಸಿನ ಗುರುತು ಅಳಿಸಾಕ ಕಾಸೋದು) 400 ಡಿಗ್ರಿ ಸೆಲ್ಸಿಯಸ್ಸಿಗೆ ಒಂದು ತಾಸು, ಆಮ್ಯಾಲೆ 100 ಡಿಗ್ರಿಗೆ ಎರಡು ತಾಸು. ತಣ್ಣಗಾಗೋ ವೇಗ ಪ್ರತಿ ಸಲ ಒಂದೇ ಇರಲಿ, ಇಲ್ಲಾಂದ್ರ ಸಂವೇದನೆ ಬದಲಾಗತದ. ಓದೋ ಮೊದಲು ಒಂದು ದಿನ ಬಿಡ್ರಿ, ಬೇಗ ಮಾಯವಾಗೋ ಬೆಳಕಿನ ಪೀಕುಗಳು ಅಷ್ಟರಾಗ ಆರತಾವ. ಬೆರಳಿಂದ ಮುಟ್ಟಬ್ಯಾಡ್ರಿ, ಬೆರಳ ಎಣ್ಣಿ ಹೀಟಿಂಗ್‌ನ್ಯಾಗ ಸುಟ್ಟು ಸುಳ್ಳು ಬೆಳಕು ಕೊಡತದ.

ಹಾವೇರಿಯಿಂದ: ಮಡಿಕಿಗೆ ಚಿಪ್ಪಿಗಿಂತ ಫಿಲ್ಮೇ ಹೆಚ್ಚು ಉಪಯೋಗ. ಮಡಿಕಿಗೆ ಅಡ್ಡ ಪಟ್ಟಿ ಹಚ್ಚಿದ್ರ ಡೋಸ್ ಎಲ್ಲಿಂದ ಕುಸೀತದ ಅಂತ ಕಣ್ಣಿಗೆ ಕಾಣತದ, ಚಿಪ್ಪು ಒಂದು ಬಿಂದು ಅಷ್ಟೇ ಹೇಳತದ. ಕತ್ತರಿಸಿದ ಅಂಚಿನ ಎರಡು ಮೂರು ಮಿಲಿಮೀಟರ್ ಲೆಕ್ಕಕ್ಕ ತಗೋಬ್ಯಾಡ್ರಿ. ಪ್ರತಿ ತುಂಡಿನ ದಿಕ್ಕು ಬರೀರಿ, ಸ್ಕ್ಯಾನರಿನ ಮ್ಯಾಲೆ ಎಲ್ಲಾ ಒಂದೇ ದಿಕ್ಕಿಗಿರಲಿ. ಅದೇ ಡಬ್ಬಿಯ ಡೋಸ್ ಬೀಳದ ತುಂಡೊಂದನ್ನ ಜೊತಿಗಿಡ್ರಿ.

ಇನ್ನ ಪೇಷಂಟಿನ ಕಡೆ. ಬೆಳ್ಳಿ ಉಡದಾರ, ಕಾಲುಂಗುರ, ತಾಳಿ ಎಲ್ಲಾ ತಗಸ್ರಿ. ಉಡದಾರ ಹೊಕ್ಕಳದ ಹತ್ರಾನ ಇರತದ, ಅದರ ನೆರಳು ಚಿಪ್ಪಿನ ಮ್ಯಾಲೆ ಬಿದ್ರ ಇಡೀ ಲೆಕ್ಕಕ್ಕ ಆಧಾರ ಆಗೋ ಅಂಕೀನೇ ಕೆಡತದ, ಜೊತಿಗೆ ಅಷ್ಟು ಚರ್ಮಕ್ಕ ಚಿಕಿತ್ಸಿನೂ ತಪ್ಪತದ. ಹಿರಿಯರು ತಾಳಿ ತಗಿಯಾಕ ಹಿಂಜರಿತಾರ, ಮೊದಲ ದಿನಾನ ಮನಿಯವರ ಮುಂದ ಕಾರಣ ಬಿಡಿಸಿ ಹೇಳ್ರಿ. ಮುಲಾಮು ಒರೆಸಿದ ಮ್ಯಾಲೇ ತೆಳ್ಳನ ಪೇಪರ್ ಟೇಪ್ ಹಚ್ಚಿ. ಎಪ್ರಿಲ್ ಬಿಸಿಲಿಗೆ ಬೆವರಿ ಕಿತ್ತು ಬರತದ, ಪೋಸು ಬದಲಾದಾಗಲೆಲ್ಲಾ ಒಮ್ಮೆ ನೋಡ್ರಿ. ದಪ್ಪ ಟೇಪ್ ಬ್ಯಾಡ, ಇಷ್ಟು ಸಣ್ಣ ಶಕ್ತಿಗೆ ಅದೂ ಅಡ್ಡಿನ.

ಧಾರವಾಡದಿಂದ: ತಾಳೆ ನೋಡಾಕ ಒಂದು ಮಾತು: ಆರೂ ಪೋಸಿನ ಸರಾಸರಿ ಚರ್ಮದ ಡೋಸನ್ನ ಒಂದು ಪೋಸಿನ ಡೋಸಿಗೆ ಭಾಗಿಸ್ರಿ, ಸಾಮಾನ್ಯವಾಗಿ 2.5ರಿಂದ 3.1ರ ಒಳಗ ಬರತದ. ಹೊರಗ ಬಿದ್ರ ಮಾನಿಟರ್ ಯೂನಿಟ್ (ಮಶೀನು ಎಷ್ಟು ಕಿರಣ ಬಿಡಬೇಕು ಅನ್ನೋ ಅಂಕಿ) ಬದಲಿಸೋ ಮೊದಲು ನಿಲ್ಲೋ ಜಾಗ, ಗ್ಯಾಂಟ್ರಿ (ಮಶೀನಿನ ತಿರುಗೋ ತೋಳು) ಕೋನ, ಹಲಗಿ ಮತ್ತ ನೋಡ್ರಿ.