ರಾಜಕೀಯ ಭಾಷೆಯ ಕಲಾಕೃತಿ ಗ್ರಂಥಾಲಯಕ್ಕೆ ಬಂದಿದೆ: ಎಲ್ಲಿ, ಹೇಗೆ ಇರಿಸಬೇಕು?

ಪ್ರಶ್ನೆ (ಗ್ರಂಥಪಾಲಕಿ, ಮಡಿಕೇರಿ):
ಕೊಡಗಿನ ಕಲಾವಿದರೊಬ್ಬರು ಚುನಾವಣಾ ಕರಪತ್ರಗಳಿಂದ ಕತ್ತರಿಸಿದ ಸಾಲುಗಳನ್ನು ಅಂಟಿಸಿ ಸಿದ್ಧಪಡಿಸಿದ ಮಡಿಕೆ ಪುಸ್ತಕವೊಂದನ್ನು (ಉದ್ದನೆಯ ಹಾಳೆಯನ್ನು ಹಿಂದೆ ಮುಂದೆ ಮಡಿಚಿ ಮಾಡಿದ ಪುಸ್ತಕ) ನಮ್ಮ ಗ್ರಂಥಾಲಯಕ್ಕೆ ಕೊಟ್ಟಿದ್ದಾರೆ. ಕೊಡಗಿನ ನಿವಾಸಿಗಳೆಲ್ಲರ ಒಮ್ಮತದ ಇಚ್ಛೆಯಂತೆ ಬ್ರಿಟಿಷ್ ಆಳ್ವಿಕೆ ಬಂದಿದೆ ಎಂದು ಸಾರಿದ, ಬ್ರಿಟಿಷ್ ಅಧಿಕಾರಿ ಕರ್ನಲ್ ಫ್ರೇಸರ್ ಅವರ 1834ರ ಘೋಷಣೆ ಮೊದಲ ಮಡಿಕೆಯಲ್ಲಿದೆ. ಅದರ ಕೆಳಗಿನ ಮಡಿಕೆಗಳಲ್ಲಿ, ‘ಜನರ ಅಪೇಕ್ಷೆಯ ಮೇರೆಗೆ’ ಎಂದು ಆರಂಭವಾಗುವ ಇತ್ತೀಚಿನ ಸಾಲುಗಳು ಒಂದರ ಕೆಳಗೊಂದು ಬರುತ್ತವೆ. ಇದನ್ನು ಕಲಾ ವಿಭಾಗದಲ್ಲಿ ಇಡಬೇಕೇ, ರಾಜ್ಯಶಾಸ್ತ್ರದಲ್ಲೇ? ಓದುಗರ ಕೈಗೆ ಕೊಡಬಹುದೇ?

ಉತ್ತರ 1 (ನಿವೃತ್ತ ಗ್ರಂಥಪಾಲಕ, ವಿರಾಜಪೇಟೆ):
ಪುಸ್ತಕಗಳನ್ನು ವಿಷಯವಾರು ಅಂಕಿಗಳಿಂದ ವಿಂಗಡಿಸುವ ಡ್ಯೂಯಿ ಪದ್ಧತಿಯಲ್ಲಿ 320 ರಾಜ್ಯಶಾಸ್ತ್ರಕ್ಕೆ, 700 ಕಲೆಗೆ ಮೀಸಲು. ಕಪಾಟಿನಲ್ಲಿ ಜಾಗ ಒಂದೇ ಆದರೂ ಸೂಚಿಯಲ್ಲಿ ಎರಡೂ ವಿಷಯಗಳ ಜೊತೆಗೆ ಕೊಡಗಿನ ಇತಿಹಾಸವನ್ನೂ ನಮೂದಿಸಬಹುದಾದ್ದರಿಂದ ಅದು ದೊಡ್ಡ ತೊಡಕಲ್ಲ. ನನಗೆ ಮುಖ್ಯವೆನಿಸುವುದು ಬೇರೆ. 1951ರ ಜನಪ್ರಾತಿನಿಧ್ಯ ಕಾಯ್ದೆಯ 127ಎ ಕಲಮಿನ ಪ್ರಕಾರ ಪ್ರತಿ ಚುನಾವಣಾ ಕರಪತ್ರದಲ್ಲಿ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಕತ್ತರಿ ಆಡಿಸಿದಾಗ ಮೊದಲು ಕಳೆದುಹೋಗುವುದು ಅಂಚಿನ ಆ ಸಾಲೇ. ಯಾವ ತುಣುಕು ಯಾವ ಕರಪತ್ರದ್ದು, ಯಾವ ವರ್ಷದ್ದು ಎಂಬುದನ್ನು ಕಲಾವಿದರಿಂದ ಈಗಲೇ ಬರೆಸಿಕೊಂಡು ಕೃತಿಯೊಂದಿಗೆ ಇರಿಸಿ. ಯಾರು ಆಡಿದ ಮಾತು ಎಂಬುದು ತಿಳಿಯದಿದ್ದರೆ ಮುಂದಿನ ಓದುಗರು ಅದನ್ನು ಪರಿಶೀಲಿಸಲಾರರು.

ಉತ್ತರ 2 (ಪುಸ್ತಕ ಕಟ್ಟುವವರು, ಸೋಮವಾರಪೇಟೆ):
ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಒಮ್ಮೆ ಮಾಡಿಸಿದರೆ ಹಾಳೆಗೆ ಹಾನಿಯಾಗದಂತೆ ಅದನ್ನು ಬಿಡಿಸುವುದು ಬಹಳ ಕಷ್ಟ. ಕರಪತ್ರಗಳ ಅಗ್ಗದ ಕಾಗದದಲ್ಲಿ ಆಮ್ಲದ ಅಂಶ ಹೆಚ್ಚಾಗಿದ್ದು, ಅದು ತಾನಾಗಿಯೇ ಹಳದಿಯಾಗಿ ಪುಡಿಯಾಗುತ್ತದೆ. ಅಂಟು ಮೈದಾದ್ದಾಗಿದ್ದರೆ ನಮ್ಮ ಮಳೆಗಾಲದಲ್ಲಿ ಬೂಷ್ಟೂ ಹುಳವೂ ಹಿಡಿಯುತ್ತವೆ. ಆಮ್ಲರಹಿತ ರಟ್ಟಿನ ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ, ಹೊರಗೋಡೆಗೆ ತಾಗದ ಕಪಾಟಿನಲ್ಲಿ ಇಡಿ. ಮಡಿಕೆಯ ಗೆರೆಗಳು ಬೇಗ ಹರಿಯುವುದರಿಂದ, ತೆರೆಯುವಾಗ ಪೂರ್ತಿ ಉದ್ದಕ್ಕೆ ಮೇಜು ಬೇಕು.

ಉತ್ತರ 3 (ಇತಿಹಾಸ ಅಧ್ಯಾಪಕಿ, ಗೋಣಿಕೊಪ್ಪ):
ಗಾಜಿನೊಳಗಿಟ್ಟರೆ ಒಂದೇ ಮಡಿಕೆ ಕಾಣುತ್ತದೆ, ಹೋಲಿಕೆ ಕಾಣುವುದಿಲ್ಲ; ಕೃತಿಯ ಜೀವವಿರುವುದೇ ಹೋಲಿಕೆಯಲ್ಲಿ. ಆದ್ದರಿಂದ ಸಿಬ್ಬಂದಿಯ ಸಮ್ಮುಖದಲ್ಲಿ ಓದುಗರ ಕೈಗೆ ಕೊಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಇನ್ನೊಂದು ಕೋರಿಕೆಯಿದೆ. 1952ರಲ್ಲಿ, ಆಗ ಪ್ರತ್ಯೇಕವಾಗಿದ್ದ ಕೊಡಗು ರಾಜ್ಯದ 24 ಸ್ಥಾನಗಳ ವಿಧಾನಸಭೆಗೆ ಚುನಾವಣೆ ನಡೆದಾಗ ಮೈಸೂರಿನೊಂದಿಗೆ ವಿಲೀನವೇ ದೊಡ್ಡ ವಿವಾದವಾಗಿತ್ತು. ಕಾಂಗ್ರೆಸ್ ವಿಲೀನದ ಪರವಾಗಿಯೂ ತಕ್ಕಡಿ ಪಕ್ಷ ವಿರುದ್ಧವಾಗಿಯೂ ನಿಂತಿದ್ದವು. ಅಂದಿನ ಕರಪತ್ರಗಳು ಐನ್‌ಮನೆಗಳ (ಕೊಡವ ಕುಟುಂಬಗಳ ಹಿರಿಯರ ಮೂಲಮನೆಗಳ) ಅಟ್ಟದಲ್ಲಿ ಇನ್ನೂ ಉಳಿದಿರಬಹುದು. ಈ ಕೃತಿಯನ್ನು ಓದುಗರಿಗೆ ತೋರಿಸುವ ದಿನವೇ ಅವುಗಳ ಮೂಲಪ್ರತಿಗಳನ್ನು, ಇಲ್ಲವೇ ಸ್ಕ್ಯಾನ್ ಮಾಡಿದ ಪ್ರತಿಗಳನ್ನು, ಎರಡೂ ಪಕ್ಷಗಳ ಮನೆಯವರಿಂದ ಕೇಳಿ ಪಡೆಯಿರಿ.