ಮಾರ್ಕ್ಸ್ ಪಾರ್ಕ್ ಸ್ಮಾರಕ, ಗೇ ಕೊಲೆಗಳು: ಕಾನೂನೇ ರಿಯಾಯಿತಿ ಕೊಡ್ತಿತ್ತಾ?

ಸಿಡ್ನಿ_ಸೊಸೆ ಕೇಳಿದ್ದು:
ಎಲ್ರಿಗೂ ನಮಸ್ಕಾರ. ಸಿಡ್ನಿಗೆ ಬಂದು ಆರು ವರ್ಷ ಆಯ್ತು, ಭಾನುವಾರ ಆದ್ರೆ ಬಾಂಡೈಯಿಂದ ಬ್ರಾಂಟೆ ಕಡೆ ಸಮುದ್ರದ ಪಕ್ಕ ನಡೀತೀವಿ, ದಾರೀಲಿ ಮಾರ್ಕ್ಸ್ ಪಾರ್ಕ್ ಸಿಗುತ್ತೆ, ಊರಿಂದ ಯಾರೇ ಬಂದ್ರೂ ಅಲ್ಲೇ ನಿಲ್ಲಿಸಿ ಫೋಟೋ ತೆಗೆಯೋದು. ಅಲ್ಲಿರೋ ಸ್ಮಾರಕ ಯಾರದ್ದು ಅಂತ ಹೋದ ವಾರ ಮೊದಲ ಸಲ ಓದಿದೆ. ಎಂಬತ್ತರ ದಶಕದಲ್ಲಿ ಹುಡುಗರ ಗ್ಯಾಂಗುಗಳು ಗೇ ಗಂಡಸರನ್ನ ಹುಡುಕ್ಕೊಂಡು ಬಂದು ಹೊಡೀತಿದ್ರಂತೆ, ಕೆಲವರನ್ನ ಬಂಡೆ ಮೇಲಿಂದ ತಳ್ಳಿದ್ರಂತೆ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಮುಂದೆ ಓದ್ತಾ ಹೋದ್ರೆ ‘ಗೇ ಪ್ಯಾನಿಕ್ ಡಿಫೆನ್ಸ್’ ಅಂತ ಒಂದು ಸಿಕ್ತು. ಅವನು ನನ್ನ ಮೈ ಮುಟ್ಟಿದ, ಅದಕ್ಕೇ ಸಾಯಿಸಿದೆ ಅಂದ್ರೆ ಶಿಕ್ಷೆ ಕಮ್ಮಿ ಆಗ್ತಿತ್ತಾ? ಕಾನೂನು ಗೊತ್ತಿರೋರು ಬಿಡಿಸಿ ಹೇಳ್ತೀರಾ?

ವಕೀಲ_ಹಾಸನ:
ಆಗ್ತಿತ್ತು ಮೇಡಂ. ಅದು ಬೇರೆ ಕಾನೂನೇನಲ್ಲ, ‘ಪ್ರಚೋದನೆ’ ಅನ್ನೋ ಹಳೇ ಬ್ರಿಟಿಷ್ ವಿನಾಯಿತಿ. ಸಿಟ್ಟಿನ ಭರದಲ್ಲಿ ಕೈ ಮೀರಿ ಕೊಂದೆ ಅಂತ ಜ್ಯೂರಿ ಒಪ್ಪಿದ್ರೆ ಅದು ಮರ್ಡರ್ ಅಲ್ಲ, ಶಿಕ್ಷೆ ಕಮ್ಮಿ ಇರೋ ಮ್ಯಾನ್‌ಸ್ಲಾಟರ್. 1997ರ ಗ್ರೀನ್ ಕೇಸ್ ಓದಿ. ಗ್ರೀನ್ ಅನ್ನೋನು, ಸ್ನೇಹಿತ ರಾತ್ರಿ ಹಾಸಿಗೆಗೆ ಬಂದು ಮೈ ಮುಟ್ಟಿದ ಅಂತ ಅವನನ್ನ ಗುದ್ದಿ, ಕತ್ತರಿಯಿಂದ ಚುಚ್ಚಿ ಕೊಂದಿದ್ದ. ಜ್ಯೂರಿ ಮರ್ಡರ್ ಅಂದಿತ್ತು. ಆರೋಪಿ ಮನೇಲಿ ಹಿಂದೆ ಆಗಿದ್ದ ಲೈಂಗಿಕ ದೌರ್ಜನ್ಯದ ವಿಷಯಾನ ಜ್ಯೂರಿ ಪ್ರಚೋದನೆಗೆ ಲೆಕ್ಕ ಹಾಕಬೇಕಿತ್ತು ಅಂತ ಆಸ್ಟ್ರೇಲಿಯಾ ಹೈಕೋರ್ಟ್ (ಅಲ್ಲಿ ಅದೇ ಎಲ್ಲಕ್ಕೂ ಮೇಲಿನ ಕೋರ್ಟು) 3-2ರಲ್ಲಿ ಆ ತೀರ್ಪು ತೆಗೆದುಹಾಕ್ತು, ಮರುವಿಚಾರಣೇಲಿ ಮ್ಯಾನ್‌ಸ್ಲಾಟರ್ ಆಯ್ತು. ಒಪ್ಪದಿದ್ದ ಇಬ್ಬರಲ್ಲಿ ಜಸ್ಟಿಸ್ ಮೈಕೆಲ್ ಕರ್ಬಿ ಒಬ್ರು. ಬೇಡ ಅಂದ್ರೂ ಮೈಮೇಲೆ ಬೀಳೋ ಗಂಡಸರನ್ನ ಹೆಂಗಸರೆಲ್ಲ ಹೀಗೆ ಕೊಂದು ಪ್ರಚೋದನೆ ಅಂದ್ರೆ ಈ ಕಾನೂನಿನ ಗತಿ ಏನು ಅನ್ನೋ ಅರ್ಥದ ಮಾತು ಬರೆದ್ರು. ನೀವೇ ಯೋಚಿಸಿ, ಬಸ್ಸಲ್ಲಿ ಎಷ್ಟು ಹೆಣ್ಮಕ್ಕಳಿಗೆ ದಿನಾ ಹಾಗಾಗುತ್ತೆ, ಯಾರಾದ್ರೂ ಕೊಲೆ ಮಾಡ್ತಾರಾ.

ವೊಲೊಂಗಾಂಗ್_ರಾಯಚೂರು:
ಕೋರ್ಟ್ ಮಾತು ಆಮೇಲೆ ಅಣ್ಣಾ, ಎಷ್ಟೋ ಕೇಸು ಕೋರ್ಟ್ ತನಕ ಹೋಗಲೇ ಇಲ್ಲ. ನಮ್ಮ ವೊಲೊಂಗಾಂಗ್ ಟಿವೀಲಿ ನ್ಯೂಸ್ ಓದ್ತಿದ್ದ ರಾಸ್ ವಾರೆನ್ 1989ರ ಜುಲೈನಲ್ಲಿ ಕಾಣೆಯಾದ್ರು, ಅವರ ಕಾರ್ ಕೀ ಮಾರ್ಕ್ಸ್ ಪಾರ್ಕ್ ಕೆಳಗಿನ ಬಂಡೆ ಹತ್ರ ಸಿಕ್ತು, ಕಾಲು ಜಾರಿ ಸಮುದ್ರಕ್ಕೆ ಬಿದ್ದಿರಬೇಕು ಅಂತ ಪೊಲೀಸರು ಕೆಲವೇ ದಿನದಲ್ಲಿ ಕೈ ತೊಳ್ಕೊಂಡ್ರು. ಅದೇ ನವೆಂಬರ್‌ನಲ್ಲಿ ಜಾನ್ ರಸೆಲ್ ಹೆಣ ಅಲ್ಲೇ ಕೆಳಗೆ, ಕೈಯಲ್ಲಿ ಬೇರೆಯವರ ಕೂದಲು. ಆ ಕೂದಲನ್ನೇ ಕಳೆದುಹಾಕಿದ್ರು! ವಾರೆನ್ ಅವರ ತಾಯಿ ಬಿಡದೆ ಪೊಲೀಸರಿಗೆ ಪತ್ರ ಬರೀತಾನೇ ಇದ್ರು, ಕೊನೆಗೆ ಅದನ್ನ ಓದಿ ಕೇಸು ಮತ್ತೆ ತೆಗೆದಿದ್ದು ಸ್ಟೀಫನ್ ಪೇಜ್ ಅನ್ನೋ ಡಿಟೆಕ್ಟಿವ್. 2005ರಲ್ಲಿ ಕೊರೋನರ್, ಅಂದ್ರೆ ಅನುಮಾನದ ಸಾವುಗಳ ವಿಚಾರಣೆ ಮಾಡೋ ಅಧಿಕಾರಿ, ಇಬ್ಬರದೂ ಕೊಲೆ ಅಂದ್ರು. ಆ ತಾಯಿ ವಿಷಯ ನೆನೆಸಿಕೊಂಡ್ರೆ ಈಗ್ಲೂ ಗಂಟಲು ಕಟ್ಟುತ್ತೆ.

ಸಿಡ್ನಿ_ಸೊಸೆ:
ಅಯ್ಯೋ ದೇವರೇ. ಆ ಪ್ರಚೋದನೆ ಕಾನೂನು ಈಗ್ಲೂ ಇದ್ಯಾ?

ವಕೀಲ_ಹಾಸನ:
ನಿಮ್ಮ ನ್ಯೂ ಸೌತ್ ವೇಲ್ಸಲ್ಲಿ 2014ರಲ್ಲಿ ಬಿಗಿ ಮಾಡಿದ್ರು, ಹಿಂಸೆ ಇಲ್ಲದ ಲೈಂಗಿಕ ಪ್ರಯತ್ನ ಅಷ್ಟೇ ಆದ್ರೆ ಪ್ರಚೋದನೆ ಆಗಲ್ಲ. ಪೂರ್ತಿ ಯಾಕೆ ತೆಗೀಲಿಲ್ಲ ಅಂದ್ರೆ, ವರ್ಷಗಟ್ಟಲೆ ಗಂಡನ ಹತ್ರ ಒದೆ ತಿಂದು ಕೊನೆಗೆ ತಿರುಗಿಬಿದ್ದ ಹೆಂಗಸರಿಗೆ ಅದೊಂದೇ ಆಸರೆ ಅಂತ ವಾದ ಇತ್ತು, ಅದನ್ನ ನಾನೂ ಒಪ್ತೀನಿ. ಕ್ವೀನ್ಸ್‌ಲ್ಯಾಂಡ್ 2017ರಲ್ಲಿ ದಾರಿ ಮುಚ್ಚಿತು, ಕೊನೆಗೆ ಸೌತ್ ಆಸ್ಟ್ರೇಲಿಯಾ 2020ರಲ್ಲಿ. ಗೇ ಸಂಬಂಧ ಅಪರಾಧ ಅಲ್ಲ ಅಂತ 1975ರಲ್ಲೇ ದೇಶದಲ್ಲಿ ಮೊದಲು ಹೇಳಿದ್ದೂ ಇದೇ ರಾಜ್ಯ, ಅದಕ್ಕೂ ಮುಂಚೆ 1972ರಲ್ಲಿ ಅಡಿಲೇಡ್‌ನ ನದೀಲಿ ಕಾನೂನು ಮೇಷ್ಟ್ರು ಜಾರ್ಜ್ ಡಂಕನ್ ಅವರನ್ನ ಮುಳುಗಿಸಿ ಸಾಯಿಸಿದ್ರು, ಯಾರಿಗೂ ಶಿಕ್ಷೆ ಆಗಲಿಲ್ಲ.

ಬನಶಂಕರಿ_88:
ಲಾಯರ್ ಸರ್, ನಮ್ಮಲ್ಲೂ ಇದೇ ವಿನಾಯಿತಿ ಇದೆ ಅಲ್ವಾ? ನನ್ನ ತಮ್ಮ ಗೇ. ಗೇ ಸಂಬಂಧಾನ ಅಪರಾಧ ಅಂತಿದ್ದ ಐಪಿಸಿ 377 ಇನ್ನೂ ಇದ್ದಾಗ ಆ್ಯಪಲ್ಲಿ ಪರಿಚಯ ಆದವನು ಕರೆಸಿ, ಮೂವರು ಸೇರಿ ಹೊಡೆದು ದುಡ್ಡು ಕಿತ್ಕೊಂಡ್ರು. ಸ್ಟೇಷನ್ನಿಗೆ ಹೋದ್ರೆ ನಿನ್ನ ಮೇಲೇ ಕೇಸ್ ಹಾಕ್ತೀವಿ ಅಂದ್ರು. ವಾಪಸ್ ಬಂದ್ವಿ, ಅಮ್ಮಂಗೆ ಬೈಕಿಂದ ಬಿದ್ದ ಅಂತ ಹೇಳಿದ್ವಿ.

ವಕೀಲ_ಹಾಸನ:
ಇದೆ ಕಣ್ರೀ. ಐಪಿಸಿ 300ರ ಮೊದಲನೇ ವಿನಾಯಿತಿ, ಈಗ ಐಪಿಸಿ ಬದಲು ಬಂದಿರೋ ಬಿಎನ್‌ಎಸ್ 101ರಲ್ಲಿ ಹಾಗೇ ಕೂತಿದೆ, ಆಸ್ಟ್ರೇಲಿಯಾದಲ್ಲಿ ಹಾಕಿದಂಥ ಬೇಲಿ ಇಲ್ಲಿ ಹಾಕಿಲ್ಲ. ನಿಮ್ಮ ತಮ್ಮಂಗೆ ಆಗಿದ್ದು ಸುಲಿಗೆ, ಹಲ್ಲೆ, ಅವತ್ತೂ ಅಪರಾಧಾನೇ. ಒಪ್ಪಿಗೆಯ ಗೇ ಸಂಬಂಧ ಅಪರಾಧ ಅಲ್ಲ ಅಂದ 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಆ ಬೆದರಿಕೆಗೆ ಆಧಾರಾನೇ ಇಲ್ಲ. ಆ್ಯಪ್ ಮೆಸೇಜು, ಆಸ್ಪತ್ರೆ ಚೀಟಿ ಏನಾದ್ರೂ ಉಳಿದಿದ್ರೆ ಎಸೀಬೇಡಿ, ನನಗೆ ಮೆಸೇಜ್ ಮಾಡಿ, ಫೀಸ್ ಬೇಡ.